ಹುಂಗ್ ಮನೆಯ ಫೋನು

ಕೋ ತಿಯೆನ್‌ಫು ರಾಜಕೀಯಕ್ಕೆ ಇಳಿದದ್ದು ಜನಸೇವೆಗೆ ಎಂದು ಅವನ ಕರಪತ್ರದಲ್ಲಿ ಅಚ್ಚಾಗಿತ್ತು. ನಿಜವಾದ ಕಾರಣ ಅವನಪ್ಪನ ಅಂತ್ಯಕ್ರಿಯೆ. ಆವತ್ತು ಎದುರುಮನೆಯ ಹುಂಗ್ ಬಿಂಗ್‌ಯಾವ್ ಬಂದವನೇ ಶವಪೆಟ್ಟಿಗೆಯ ಮುಂದೆ ಮಂಡಿಯೂರಿ ಎಷ್ಟು ಚೆನ್ನಾಗಿ ಅತ್ತನೆಂದರೆ, ನೆಂಟರೆಲ್ಲ ಸ್ವಂತ ಮಗನನ್ನು ಬಿಟ್ಟು ಹುಂಗ್‌ನನ್ನು ಸಮಾಧಾನ ಮಾಡತೊಡಗಿದರು. ತಿಯೆನ್‌ಫುವಿನ ಸೋದರತ್ತೆಯೊಬ್ಬಳು ತನ್ನ ಕರ್ಚೀಫನ್ನೂ ಹುಂಗ್‌ಗೇ ಕೊಟ್ಟಳು.

ಹುಂಗ್, ಯುನ್‌ಲಿನ್ ಎಂಬ ಅವರ ಜಿಲ್ಲೆಯ ಪರಿಷತ್ತಿನ ಸದಸ್ಯ. ಊರಿನ ಒಂದು ಸಾವಾಗಲಿ ಮದುವೆಯಾಗಲಿ ಅವನಿಲ್ಲದೆ ಮುಗಿಯುತ್ತಿರಲಿಲ್ಲ. ತಿಯೆನ್‌ಫು ಅಂಗಡಿಗಳ ಶಟರ್ ರಿಪೇರಿ ಮಾಡುವವನು. ಹುಂಗ್‌ನ ದಟ್ಟ ಕೂದಲು, ಅವನು ಹೋದಲ್ಲೆಲ್ಲ ಸಿಗುವ ಕುರ್ಚಿ, ಅವನನ್ನು ಕಂಡರೆ ಬಾಲ ಆಡಿಸುವ ಬೀದಿನಾಯಿ, ಎಲ್ಲಕ್ಕೂ ತಿಯೆನ್‌ಫುವಿಗೆ ಹೊಟ್ಟೆ ಉರಿಯುತ್ತಿತ್ತು. ಹಾಗಾಗಿ ಈ ಸಲ ಪಕ್ಷದ ಟಿಕೆಟ್ಟಿಗೆ ಹುಂಗ್‌ನ ಎದುರು ತಾನೂ ನಿಂತುಬಿಟ್ಟ. ಹೆಂಡತಿ ಶ್ಯುಫೆಂಗ್ ಮಾತ್ರ, "ಗೆದ್ದರೆ ನೀವೂ ಹೋಗಿ ಅಳಬೇಕಾಗುತ್ತೆ, ಬರುತ್ತಾ?" ಎಂದು ಕೇಳಿದ್ದಳು.

ಟಿಕೆಟ್ ತೀರ್ಮಾನವಾಗುವುದು ಫೋನಿನ ಮೇಲೆ. ಒಂದು ಭಾನುವಾರ ಸಮೀಕ್ಷೆಯವರು ಕ್ಷೇತ್ರದ ಮನೆಗಳ ಲ್ಯಾಂಡ್‌ಲೈನಿಗೆ ಸಿಕ್ಕಸಿಕ್ಕಂತೆ ಕರೆ ಮಾಡಿ, ಇಬ್ಬರಲ್ಲಿ ಯಾರು ಬೇಕೆಂದು ಕೇಳುತ್ತಾರೆ. ಯಾರ ಹೆಸರು ಹೆಚ್ಚು ಬರುತ್ತದೋ ಅವನಿಗೆ ಟಿಕೆಟ್.

ಆ ಭಾನುವಾರ ತಿಯೆನ್‌ಫು ಊಟದ ತಟ್ಟೆಯನ್ನೂ ಫೋನಿನ ಪಕ್ಕಕ್ಕೇ ತಂದಿಟ್ಟುಕೊಂಡು ಕೂತ. ಫೋನೇನೋ ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಿದರೆ ಪ್ರತಿ ಸಲವೂ ಒಬ್ಬ ಸೋದರತ್ತೆ. ಸಮೀಕ್ಷೆಯವರು ಕರೆ ಮಾಡಿದರಾ ಎಂದು ವಿಚಾರಿಸುವುದು ಅವರ ಕೆಲಸ. ನೀವು ಹೀಗೆ ಲೈನ್ ಹಿಡಿದಿದ್ದರೆ ಅವರು ಎಲ್ಲಿಂದ ಕರೆ ಮಾಡ್ತಾರೆ ಎಂದು ಇವನು ಗದರಿದ. ಅತ್ತೆಗೆ ಸಿಟ್ಟು ಬಂತು. ಇನ್ನೊಬ್ಬ ಅತ್ತೆ ರಾಜಿ ಮಾಡಿಸಲು ಕರೆ ಮಾಡಿದಳು.

ಎದುರುಮನೆಯಲ್ಲಿ ಫೋನು ರಿಂಗಾಗುವುದು, ಹಿಂದೆಯೇ ಜನ ಚಪ್ಪಾಳೆ ತಟ್ಟುವುದು ಕೇಳುತ್ತಿತ್ತು. ಆಮೇಲೆ ಒಮ್ಮೆಲೇ ಎಲ್ಲ ತಣ್ಣಗಾಯಿತು. ಏನಾಯಿತೆಂದು ನೋಡದೆ ತಿಯೆನ್‌ಫುವಿಗೆ ಕೂರಲಾಗಲಿಲ್ಲ. ಸುಮ್ಮನೆ ಹೋದರೆ ಚೆನ್ನಾಗಿರುವುದಿಲ್ಲವೆಂದು ಒಂದು ತಟ್ಟೆ ಸೀಬೆಹಣ್ಣಿನ ಹೋಳು ಹಿಡಿದು ಹೊರಟ.

ಹುಂಗ್ ಮನೆಯಲ್ಲಿರಲಿಲ್ಲ. ಹಿಂದಿನ ಬೀದಿಯಲ್ಲಿ ಯಾರೋ ತೀರಿಕೊಂಡಿದ್ದರು, ತನ್ನವರನ್ನೆಲ್ಲ ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದ. ಅವನ ಮುದಿ ತಾಯಿಯೊಬ್ಬಳೇ ಕಲ್ಲಂಗಡಿ ಬೀಜ ಕಡಿಯುತ್ತಾ ಟೀವಿಯಲ್ಲಿ ನಾಟಕ ನೋಡುತ್ತಿದ್ದಳು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ನನ್ನ ಮಂಡಿ ನೋವು. ಯಾರಂತ ನೋಡಪ್ಪ," ಎಂದಳು ಮುದುಕಿ, ಟೀವಿಯಿಂದ ಕಣ್ಣು ಕೀಳದೆ.

ಅದೇ ಕರೆ. ಹುಂಗ್, ಕೋ, ಇಬ್ಬರಲ್ಲಿ ತಮ್ಮ ಬೆಂಬಲ ಯಾರಿಗೆ ಎಂದು ಹುಡುಗಿಯೊಬ್ಬಳು ಕೇಳಿದಳು. ತಿಯೆನ್‌ಫುವಿನ ಎದೆ ಕೆಟ್ಟ ಶಟರಿನಂತೆ ದಡದಡ ಎಂದಿತು. ಬಾಯಿಗೆ ಕೈ ಅಡ್ಡ ಹಿಡಿದು "ಕೋ ತಿಯೆನ್‌ಫು" ಎಂದ. ವಯಸ್ಸು ಕೇಳಿದಾಗ ಗಾಬರಿಯಲ್ಲಿ ಮುದುಕಿಯ ಕಡೆ ನೋಡಿ ಎಂಬತ್ತೊಂದು ಎಂದ. ಗಂಡೋ ಹೆಣ್ಣೋ ಎಂದಾಗ ಇನ್ನು ದಾರಿಯಿಲ್ಲದೆ ದನಿ ಸಣ್ಣ ಮಾಡಿ, "ಹೆಣ್ಣು ಕಣಮ್ಮ," ಎಂದ.

ಫೋನಿಟ್ಟು ತಿರುಗಿದರೆ ಟೀವಿಯ ಸದ್ದು ನಿಂತಿತ್ತು.

"ಒಳ್ಳೇದೇ ಆಯ್ತು ಬಿಡು," ಎಂದಳು ಮುದುಕಿ ನಿಧಾನಕ್ಕೆ. "ನಮ್ಮವನೂ ನಿನ್ನ ಹೆಸರೇ ಹೇಳಿ ಅಂದಿದಾನೆ. ಅವನನ್ನ ತೈಪೆಗೆ ಕರೀತಿದಾರಂತೆ, ಸಂಸತ್ತಿಗೆ. ಇಲ್ಲಿ ಗೆದ್ದುಬಿಟ್ರೆ ಇಲ್ಲೇ ಸಿಕ್ಕಾಕ್ಕೊಳ್ತಾನಲ್ಲ. ಪಾಪ ತಿಯೆನ್‌ಫು ಆಸೆಪಡ್ತಾನೆ, ಇದು ಅವನಿಗೇ ಇರಲಿ ಅಂದ."

ತಾನು ತಿಂಗಳುಗಟ್ಟಲೆ ಬೀದಿ ಬೀದಿ ಕೈಮುಗಿದದ್ದು ಹುಂಗ್ ಉಂಡು ಬಿಟ್ಟ ಎಲೆಗೇ? ಅದೂ ಅವನು ತೈಪೆಗೆ ಹೋಗಿ ಟೀವಿಯಲ್ಲಿ ಕಾಣಿಸಿಕೊಳ್ಳುವುದಕ್ಕೆ? ತಿಯೆನ್‌ಫು ತಟ್ಟೆಯನ್ನು ಅಲ್ಲೇ ಮರೆತು ರಸ್ತೆ ದಾಟಿ ಓಡಿದ.

ಮನೆಗೆ ಬಂದವನೇ ಅತ್ತೆಯರಿಗೆಲ್ಲ ಸಾಲಾಗಿ ಫೋನು ಹಚ್ಚಿದ. ಸಮೀಕ್ಷೆಯವರು ಕೇಳಿದರೆ ಹುಂಗ್ ಎನ್ನಬೇಕು, ಗೆಳತಿಯರಿಗೂ ಬೀಗರಿಗೂ ಹೇಳಿಸಬೇಕು. ದೊಡ್ಡತ್ತೆ, ಜ್ವರ ಬಂದಿದೆಯಾ ಎಂದು ಕೇಳಿದಳು. ಶ್ಯುಫೆಂಗ್ ಅಡುಗೆಮನೆಯಿಂದ ಬಂದು, "ನಿಮ್ಮ ಟಿಕೆಟ್ ನೀವೇ ಹರೀತಿದೀರಲ್ಲ," ಎಂದಳು.

"ಹರಿದುಹೋಗಲಿ. ಅವನು ಮಾತ್ರ ಈ ಊರು ಬಿಟ್ಟು ಹೋಗಬಾರದು," ಎಂದ ತಿಯೆನ್‌ಫು.

ಕತ್ತಲಾಗುವ ಹೊತ್ತಿಗೆ ಕೊನೆಗೂ ಅವನ ಮನೆಗೇ ಸಮೀಕ್ಷೆಯ ಕರೆ ಬಂತು. ಹಲ್ಲು ಕಚ್ಚಿ ತಾನೂ ಹುಂಗ್ ಎಂದ. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದ.

ಬೆಳಿಗ್ಗೆ ಪಕ್ಷದ ಕಚೇರಿಯಿಂದ ಸುದ್ದಿ ಬಂತು. ಹುಂಗ್ ಗೆದ್ದಿದ್ದ. ತಿಯೆನ್‌ಫು ಒಂದು ಡಬ್ಬಿ ಅನಾನಸ್ ಕೇಕ್ ಕೊಂಡು, ಅವನ ಮುಖ ನೋಡಲೆಂದೇ ಎದುರುಮನೆಗೆ ಹೋದ.

"ತೈಪೆ ಕೈತಪ್ಪಿತು ಅಂತ ಬೇಜಾರು ಮಾಡ್ಕೋಬೇಡಪ್ಪ," ಎಂದ.

"ಯಾವ ತೈಪೆ? ನನ್ನ ಅಲ್ಲಿಗೆ ಯಾರು ಕರೀತಾರಣ್ಣ," ಎಂದು ಹುಂಗ್ ಅವನ ಎರಡೂ ಕೈ ಹಿಡಿದುಕೊಂಡ. "ನಿಜ ಹೇಳ್ತೀನಿ, ನಿನ್ನೆ ಟಿಕೆಟ್ ನಿನ್ನದೇ ಅಂತ ಎಲ್ಲರೂ ಅಂದಿದ್ರು. ಸಂಜೆವರೆಗೂ ನೀನೇ ಮುಂದಿದ್ದೆಯಂತೆ. ಆಮೇಲೆ ಅದೇನಾಯ್ತೋ, ನಿನ್ನ ನೆಂಟರಿರೋ ಬೀದಿಗಳೆಲ್ಲ ನನ್ನ ಕಡೆಗೆ ತಿರುಗಿಬಿಟ್ವು. ಕೂತ್ಕೋ, ಟೀ ತರ್ತೀನಿ."

ಹುಂಗ್ ಒಳಗೆ ಹೋದ. ಮುದುಕಿ ಕೇಕಿನ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಮ್ಮನೆ ಫೋನಲ್ಲಿ, ನನ್ನ ವಯಸ್ಸು ಹೇಳಿ, ನನ್ನ ಹಾಗೆ ದನಿ ಮಾಡಿ ಒಂದು ಓಟು ತಗೊಂಡೆ," ಎಂದಳು. "ನಾನು ಬೈದಿದ್ರೆ ಅದು ವಾಪಸ್ ಬರ್ತಿತ್ತಾ, ನೀನೇ ಹೇಳು."

ಮುದುಕಿ ಒಂದು ಕೇಕ್ ಬಿಚ್ಚಿ ತಿಯೆನ್‌ಫುವಿನ ಕೈಗಿಟ್ಟಳು.

"ನಿಮ್ಮತ್ತೆಯರು ಒಳ್ಳೆ ಜನ ಕಣಪ್ಪ, ಹೇಳಿದ ಮಾತು ಕೇಳ್ತಾರೆ. ಮುಂದಿನ ಸಲ ನಾನೇ ನಿಲ್ಲೋಣ ಅಂತಿದೀನಿ. ಅವರ ಫೋನ್ ನಂಬರ್ ಒಂಚೂರು ಬರೆದಿಟ್ಟು ಹೋಗು."