ರಾಣಿಗೆ ಅರ್ಧ ಕೊಡ ನೀರು

ದೈವಾನೈ: ಸತ್ತೋರು ಯಾರು ಅಂತ ಬಾಯಿಬಿಟ್ಟು ಹೇಳಿ ಮಾವಾ! ನನ್ನ ಎದೆ ಒಡೆದು ಹೋಗ್ತದೆ!

ಚಿನ್ನತಂಬಿ: ಹೇಳೋಕಾಗಲ್ಲ ಪುಳ್ಳೆ. ಒಂದೇ ಬಾಯಿಂದ ಕೇಳಿದ ಸುದ್ದಿ. ಇನ್ನೊಂದು ಬಾಯಿ ಹೇಳೋವರೆಗೂ ನನ್ನ ಬಾಯಿಂದ ಬರೋಲ್ಲ. ಪೆರುಮಾಳ್ ದೇವರ ಮುಂದೆ ಆಣೆ ಇಟ್ಟಿದೀನಿ, ನಿನಗೆ ಗೊತ್ತಲ್ಲ?

ದೈವಾನೈ: ಹೇಳೋಕೆ ಎರಡು ಬಾಯಿ ಬೇಕು, ಮೀಯೋಕೆ ಒಂದೇ ಬಾಯಿ ಸಾಕಾ?

ಗಂಡ ಚಿನ್ನತಂಬಿ ಜುಟ್ಟು ಹಿಂಡಿಕೊಂಡ. ಉಟ್ಟ ಪಂಚೆಯ ಸಮೇತ ಮಿಂದು ಬಂದು ಹಿತ್ತಿಲ ಬಾಗಿಲಲ್ಲಿ ನೀರು ಸುರಿಸುತ್ತ ನಿಂತಿದ್ದ. ಉಟ್ಟ ಬಟ್ಟೆಯಲ್ಲೇ ಯಾರಾದರೂ ತಲೆಗೆ ನೀರು ಹುಯ್ದುಕೊಂಡರೆ ನೆಂಟರಲ್ಲಿ ಯಾರೋ ತೀರಿಕೊಂಡ ಸುದ್ದಿ ಬಂತು ಎಂದೇ ಲೆಕ್ಕ. ಅದೂ ಇವತ್ತು! ಮಗಳು ಸರಸುವನ್ನು ಕೇಳಿಕೊಂಡು ಗಂಡಿನ ಕಡೆಯವರು ಬರುವ ದಿನ! ಮಧ್ಯಾಹ್ನಕ್ಕೆ ಆಡಿ ತಿಂಗಳು ಹುಟ್ಟುತ್ತದೆ. ಹುಟ್ಟಿದ ಮೇಲೆ ಇನ್ನೊಂದು ತಿಂಗಳು ಯಾರೂ ಮದುವೆ ಮಾತಿನ ತಾಂಬೂಲ ಮುಟ್ಟುವುದಿಲ್ಲ. ದೈವಾನೈ ಸೌಟು ಹಿಡಿದ ಕೈಯಲ್ಲೇ ಹಣೆ ಚಚ್ಚಿಕೊಂಡಳು.

ಇಡೀ ಬೀದಿಗೆ ಅಕ್ಷರ ಬಲ್ಲವನು ಚಿನ್ನತಂಬಿಯೊಬ್ಬನೇ. ಬತ್ತಲಗುಂಡಿನಿಂದ ಬರುವ ಗಾಡಿಯಲ್ಲಿ ವಾರಕ್ಕೊಂದು ತಮಿಳು ಸುದ್ದಿ ಕಾಗದ ಹತ್ತು ದಿನ ಹಳತಾಗಿ ಅವನ ಕೈ ಸೇರುತ್ತಿತ್ತು. ಬೇರೆ ಯಾರೇ ಆಗಿದ್ದರೂ ಜಗಲಿಯಲ್ಲಿ ಕೂತು ಎಲೆಯಡಿಕೆ ಜಗಿಯುತ್ತ ಓದಿ, ರಸದ ಜೊತೆ ಸುದ್ದಿಯನ್ನೂ ಉಗುಳಿ ಎದ್ದು ಹೋಗುತ್ತಿದ್ದರು. ಈ ಪುಣ್ಯಾತ್ಮನದು ಹಾಗಲ್ಲ. ಹಣೆಗೆ ನಾಮ ಇಟ್ಟು, ಕಾಗದವನ್ನು ಮಣೆಯ ಮೇಲೆ ಹಾಸಿ, ಕೈ ಮುಗಿದು ಓದಬೇಕು. ಓದುವಾಗ ಸಾವಿನ ಸುದ್ದಿ ಬಂತೋ, ಎದ್ದು ಹೋಗಿ ಮೀಯಬೇಕು. ಇವತ್ತು ಕಾಗದ ಬಂದದ್ದು ಅಡುಗೆಯ ಗಡಿಬಿಡಿಯಲ್ಲಿದ್ದ ದೈವಾನೈಗೆ ಗೊತ್ತಿರಲಿಲ್ಲ. ಹೋದ ವರ್ಷ ಯಾರೋ ಹೇಳಿದ ಒಂದು ಮಾತನ್ನು ಇವನು ಇನ್ನೊಬ್ಬರಿಗೆ ಹೇಳಿ, ಅದು ಸುಳ್ಳಾಗಿ, ಅದೇ ಬೀದಿಯ ಪಾಂಡಿ ಎಂಬ ಹುಡುಗನ ಮದುವೆ ಮುರಿದುಬಿದ್ದಿತ್ತು. ಎರಡು ಬಾಯಿಯ ಆಣೆ ಅಂದಿನಿಂದ ಶುರುವಾದದ್ದು. ಅದಕ್ಕೆ ದೈವಾನೈಯೂ ತಲೆದೂಗಿದ್ದಳು. ಆದರೆ ಇವತ್ತು ಆ ಆಣೆ ಅವಳ ಗಂಟಲಿಗೇ ಬಂದು ಕೂತಿತ್ತು.

ದೈವಾನೈ: ಅಯ್ಯೋ, ತಿಳಿಯಿತು! ನನ್ನಣ್ಣ ರಾಮರ್! ಬೆಟ್ಟದ ಮೇಲೆ ಅಣೆಕಟ್ಟಿನ ಕೆಲಸಕ್ಕೆ ಹೋದೋನು... ಜ್ವರವಾ, ಬಂಡೆ ಉರುಳಿತಾ? ಅಣ್ಣಾ, ನನ್ನಪ್ಪಾ...

ಅವಳು ಕೂದಲು ಬಿಚ್ಚಿ ನೆಲದ ಮೇಲೆ ಕೂತೇಬಿಟ್ಟಳು. ಇನ್ನೊಂದು ಉಸಿರು ಬಿಟ್ಟಿದ್ದರೆ ಅಳುವ ದನಿಗೆ ಬೀದಿಯೆಲ್ಲ ನೆರೆಯುತ್ತಿತ್ತು.

ಚಿನ್ನತಂಬಿ: ಏ, ಏ! ರಾಮರ್ ಅಲ್ಲ! ಎದ್ದೇಳು!

ದೈವಾನೈ: ಈಗ ಮಾತ್ರ ಹೇಗೆ ಹೇಳಿದಿರಿ?

ಚಿನ್ನತಂಬಿ: ಸಾಯದೆ ಇರೋರ ಹೆಸರು ಹೇಳಬಹುದು. ಅದು ಸುದ್ದಿಯಲ್ಲ.

ದೈವಾನೈ: ಹಾಗಾ ಸಂಗತಿ? ಸರಿ. ಚಿನ್ನಮ್ಮಾಳ್ ಅತ್ತೆ?

ಚಿನ್ನತಂಬಿ: ಬದುಕಿದಾಳೆ.

ದೈವಾನೈ: ಚಿನ್ನಸಾಮಿ ಚಿಕ್ಕಪ್ಪ?

ಚಿನ್ನತಂಬಿ: ಬದುಕಿದಾರೆ.

ದೈವಾನೈ: ನಿಮ್ಮಕ್ಕ ನಾಗಮ್ಮಾಳ್?

ಚಿನ್ನತಂಬಿ: ಗುಂಡುಕಲ್ಲಿನ ಹಾಗಿದಾಳೆ.

ದೈವಾನೈ: ಹ್ಞೂಂ.

ಚಿನ್ನತಂಬಿ: ಅದೇನು ಆ ಹ್ಞೂಂ?

ದೈವಾನೈ: ಏನಿಲ್ಲ, ಸಂತೋಷ ಅಂದೆ. ಹಾಗಾದರೆ ನೆಂಟರೆಲ್ಲ ಬದುಕಿದಾರೆ. ಮತ್ತೆ ಮಿಂದದ್ದು ಯಾರಿಗೆ?

ಕೇಳುತ್ತ ಕೇಳುತ್ತ ಅವಳ ಕಣ್ಣು ಮೂಲೆಯ ಅಂಡೆಯ ಮೇಲೆ ಬಿತ್ತು. ಮುಚ್ಚಳ ಓರೆಯಾಗಿತ್ತು. ಓಡಿ ಹೋಗಿ ಬಗ್ಗಿ ನೋಡಿದಳು. ತಳದಲ್ಲಿ ಅವಳದೇ ಮುಖ ಕಾಣುವಷ್ಟೂ ನೀರಿಲ್ಲ. ಬೆಟ್ಟ ಕೊರೆದು ಪೆರಿಯಾರ್ ಹೊಳೆಯ ನೀರನ್ನು ಈ ಕಡೆ ತಿರುಗಿಸುತ್ತಾರೆ ಎಂದು ಕಂಬಂ ಕಣಿವೆಯೆಲ್ಲ ಕುಣಿಯುತ್ತಿದ್ದ ವರ್ಷಗಳವು. ಆ ನೀರು ಸುದ್ದಿ ಕಾಗದಕ್ಕೆ ಬಂದಿತ್ತು, ಇವರ ಊರು ಆಂಡಿಪಟ್ಟಿಗೆ ಬಂದಿರಲಿಲ್ಲ. ದೈವಾನೈ ಕೋಳಿ ಕೂಗುವ ಮೊದಲೇ ಎದ್ದು, ಊರಾಚೆಯ ಕಪಿಲೆ ಬಾವಿಗೆ ಆರು ಸಲ ನಡೆದು, ಆರು ಕೊಡ ತಂದು ತುಂಬಿಸಿದ ಅಂಡೆ ಅದು.

ದೈವಾನೈ: ಆರು ಕೊಡ! ಆರೂ! ಬರೋರ ಕಾಲಿಗೆ, ಬಾಯಿಗೆ, ಅಡುಗೆಗೆ ಅಂತ ಸೊಂಟ ಮುರಿದುಕೊಂಡು ತಂದದ್ದು! ಒಬ್ಬರು ಸತ್ತರೆ ಆರು ಕೊಡವಾ?

ಚಿನ್ನತಂಬಿ: ಒಬ್ಬರಲ್ಲ.

ದೈವಾನೈ: ಮತ್ತೆ?

ಚಿನ್ನತಂಬಿ ಒಂದು ಗಳಿಗೆ ಯೋಚಿಸಿದ. ಹೆಂಡತಿ ಎಂದರೆ ಗಂಡನ ಅರ್ಧ ದೇಹ; ತನ್ನ ಕಿವಿಗೆ ಬಿದ್ದದ್ದು ಅವಳ ಕಿವಿಗೂ ಬಿದ್ದ ಹಾಗೆಯೇ; ಹಾಗಾಗಿ ಆಣೆ ಮುರಿಯುವುದಿಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಸೌಟು ಇನ್ನೂ ಅವಳ ಕೈಯಲ್ಲೇ ಇತ್ತು.

ಚಿನ್ನತಂಬಿ: ಕಡಲಾಚೆ ಒಂದು ದ್ವೀಪ. ಅದರ ರಾಣಿ ದೋಣೀಲಿ ಹೋಗ್ತಾ ಮುಳುಗಿ ಹೋದಳಂತೆ. ಜೊತೆಗೆ ಹುಟ್ಟು ಹಾಕೋರು ಹನ್ನೊಂದು ಜನ. ರಾಣಿಗೆ ಅರ್ಧ ಕೊಡ, ಅವರಿಗೆ ತಲೆಗೆ ಅರ್ಧರ್ಧ ಕೊಡ.

ದೈವಾನೈ: ರಾಣಿಗೂ ಅರ್ಧ, ಹುಟ್ಟು ಹಾಕೋನಿಗೂ ಅರ್ಧವಾ?

ಚಿನ್ನತಂಬಿ: ಕಾಗದದೋರು ರಾಣಿಗೆ ಇಪ್ಪತ್ತು ಸಾಲು ಹಾಕಿ, ಅವರನ್ನೆಲ್ಲ ಸೇರಿಸಿ ಒಂದು ಸಾಲಲ್ಲಿ ಮುಗಿಸಿದಾರೆ. ಹೆಸರು ಕೂಡ ಇಲ್ಲ. ನಾನೂ ಹಾಗೇ ಮಾಡಲಾ? ಅವರ ಮನೇಲೂ ಹೆಂಡತಿ ಮಕ್ಕಳು ಅಳ್ತಾ ಇರಲ್ವಾ?

ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಅದನ್ನು ಕಂಡು ದೈವಾನೈಯ ಮನಸ್ಸು ಒಂದಿಷ್ಟು ಕರಗಿತು. ಆದರೆ ಅಂಡೆ ಇನ್ನೂ ಖಾಲಿಯೇ ಇತ್ತಲ್ಲ, ಮನಸ್ಸು ಮತ್ತೆ ಗಟ್ಟಿಯಾಯಿತು.

ದೈವಾನೈ: ದೊಡ್ಡ ಮನಸ್ಸು ಸಾಮೀ ನಿಮ್ಮದು! ಹಿಂದಿನ ಬೀದಿ ಓಚ್ಚಮ್ಮಾಳ್ ಅಜ್ಜಿ ನಾಲ್ಕು ದಿನದಿಂದ ಜ್ವರ ಬಂದು ಮಲಗಿದಾಳೆ. ಗಂಡನಿಲ್ಲ, ಮಕ್ಕಳಿಲ್ಲ, ಒಂದು ಗುಟುಕು ನೀರು ಕೊಡೋರಿಲ್ಲ. ಅವಳ ಗಂಜಿಗೂ ಇದೇ ಅಂಡೆ ನೀರು ಇಟ್ಟಿದ್ದೆ. ಒಂದು ಸಲ ಹೋಗಿ ನೋಡಿದಿರಾ?

ಚಿನ್ನತಂಬಿ: ಅದು ಕಾಗದದಲ್ಲಿ ಬರಲಿಲ್ಲವಲ್ಲ ಪುಳ್ಳೆ!

ದೈವಾನೈ ಏನು ಹೇಳುತ್ತಿದ್ದಳೋ! ಅಷ್ಟರಲ್ಲಿ ಬಾಗಿಲಲ್ಲಿ ಎತ್ತಿನ ಗಂಟೆ ಸದ್ದಾಯಿತು. ಮಾರ್ಕಯನ್‌ಕೋಟ್ಟೈಯ ಅಳಗರ್, ಗಂಡಿನ ತಂದೆ, ಗಾಡಿಯಿಂದ ಇಳಿಯುತ್ತಿದ್ದರು. ಬತ್ತಲಗುಂಡು ಸಂತೆಗೆ ಹೋಗಿ, ಅಲ್ಲೇ ಹಣ್ಣು ವೀಳ್ಯ ಕಟ್ಟಿಸಿಕೊಂಡು ನೇರವಾಗಿ ಬಂದಿದ್ದರು. ದೈವಾನೈ ಕೂದಲು ಸುತ್ತಿ ಗಂಟು ಹಾಕಿ, ಪಕ್ಕದ ಮನೆಯಿಂದ ಒಂದು ಚೆಂಬು ನೀರು ಕಡ ತಂದು, ನಗು ಮುಖ ಮಾಡಿಕೊಂಡು ಕೊಟ್ಟಳು. ಅಳಗರ್ ಕುಡಿದು ಜಗಲಿಯಲ್ಲಿ ಕೂತರು.

ಅಳಗರ್: ಏನು ಸಮ್ಮಂದಿ, ದೂರ ನಿಂತಿರಿ? ಬನ್ನಿ, ಕೂತುಕೊಳ್ಳಿ. ಇದೇನು, ಪಂಚೆಯೆಲ್ಲ ನೀರು?

ದೈವಾನೈ: ಬೆವರು ಅಣ್ಣಾ, ಬೆವರು! ಬಿಸಿಲು ನೋಡಿ ಎಷ್ಟು!

ಚಿನ್ನತಂಬಿ: ಬೆವರಲ್ಲ. ಮಿಂದೆ. ಸಾವಿನ ಸುದ್ದಿ ಬಂತು. ಹೊತ್ತು ಮುಳುಗೋವರೆಗೂ ಸೂತಕ. ತಾಂಬೂಲ ಮುಟ್ಟೋ ಹಾಗಿಲ್ಲ.

ಅಳಗರ್: ಶಿವ ಶಿವಾ! ಯಾರು ಹೋದರು? ಎಷ್ಟು ವಯಸ್ಸು?

ಚಿನ್ನತಂಬಿ: ಒಬ್ಬರಲ್ಲ. ಹನ್ನೆರಡು ಜನ. ಯಾರು ಅಂತ ಹೇಳೋಕೆ ಆಣೆ ಅಡ್ಡ.

ಅಳಗರ್ ಕೂತ ಜಗಲಿಯಿಂದ ನೆಗೆದರು. ಒಂದೇ ಉಸಿರಿಗೆ ಗಾಡಿಯ ಹತ್ತಿರ ಹೋಗಿ ಎತ್ತಿನ ಹಗ್ಗಕ್ಕೆ ಕೈ ಹಾಕಿದರು.

ಅಳಗರ್: ಹನ್ನೆರಡಾ! ಕಾಲರಾ ಬಂದಿದೆ ಊರಿಗೆ! ಮೊದಲೇ ಹೇಳಬಾರದಾ ತಂಗಚ್ಚಿ, ನೀರು ಬೇರೆ ಕುಡಿದುಬಿಟ್ಟೆ!

ದೈವಾನೈ: ಕಾಲರಾ ಇಲ್ಲ ಅಣ್ಣಾ!

ಚಿನ್ನತಂಬಿ: ಕಾಲರಾ ಅಲ್ಲ ಸಮ್ಮಂದಿ. ನೀರಲ್ಲಿ ಮುಳುಗಿ ಹೋದರು.

ಅಳಗರ್: ಆಂಡಿಪಟ್ಟೀಲಿ ಮುಳುಗೋಕೆ ನೀರೆಲ್ಲಿದೆ?

ದೈವಾನೈ ನಡುವೆ ನುಗ್ಗಿ ದ್ವೀಪ, ರಾಣಿ, ದೋಣಿ ಎಲ್ಲವನ್ನೂ ಗಡಿಬಿಡಿಯಲ್ಲಿ ಹೇಳಿದಳು. ಹೇಳಿದರೆ ನಕ್ಕುಬಿಡುತ್ತಾರೆ ಎಂದುಕೊಂಡಿದ್ದಳು. ಅಳಗರ್ ನಗಲಿಲ್ಲ. ಹಗ್ಗ ಬಿಟ್ಟು ಬಂದು, ಹುಬ್ಬು ಗಂಟಿಕ್ಕಿ ಕೂತರು.

ಅಳಗರ್: ಆ ರಾಣಿ ನಿಮಗೆ ಯಾವ ಕಡೆಯಿಂದ ನೆಂಟಳು?

ಚಿನ್ನತಂಬಿ: ನೆಂಟಳಲ್ಲ.

ಅಳಗರ್: ಸೂತಕ ಹಿಡೀತೀರಿ, ನೆಂಟಳಲ್ಲ ಅಂತೀರಿ. ಸೂತಕ ಅಂದರೆ ದಾಯಾದಿಗಳಿಗೆ. ದಾಯಾದಿ ಅಂದಮೇಲೆ ಅವಳು ನಿಮ್ಮ ಕುಲದೋಳು. ಅವರು ಏನು ಉಣ್ತಾರೆ, ಯಾವ ದೇವರಿಗೆ ನಡಕೊಳ್ತಾರೆ, ನಾನು ವಿಚಾರಿಸಬೇಡವಾ? ನಾಳೆ ನಮ್ಮಮ್ಮ ಕೇಳಿದರೆ ಏನು ಹೇಳಲಿ?

ಚಿನ್ನತಂಬಿ: ಮೇಲಿರೋ ಪೆರುಮಾಳಿಗೆ ಅವಳೂ ಮಗಳು, ನಾನೂ ಮಗ.

ಅಳಗರ್: ಹಾಗಾದರೆ ಅಕ್ಕ-ತಮ್ಮ! ನಾನು ಹೇಳಿದೆನಲ್ಲ!

ದೈವಾನೈ: ಅಯ್ಯೋ ಅಣ್ಣಾ, ಇವರು ಹೇಳೋದು ಬೇರೆ...

ಅಳಗರ್: ನೋಡು ತಂಗಚ್ಚಿ, ಹುಡುಗಿ ಬಂಗಾರ. ಅದರಲ್ಲಿ ಮಾತಿಲ್ಲ. ಆದರೆ ತಾಂಬೂಲ ಮುಟ್ಟಲ್ಲ ಅಂತ ಇವರೇ ಅಂತಾರೆ. ಇನ್ನೊಂದು ಗಳಿಗೆಗೆ ಆಡಿ ಹುಟ್ಟಿಬಿಡ್ತದೆ. ಬತ್ತಲಗುಂಡಿನೋರು ಹೆಣ್ಣು ಇಟ್ಟುಕೊಂಡು ಕಾಯ್ತಾ ಇದಾರೆ. ಇವತ್ತು ಇಲ್ಲಿ ಆಗದೆ ಇದ್ದರೆ ಆಡಿ ಕಳೆದ ಮೇಲೆ ಅಲ್ಲಿ ಅಂತ ನಮ್ಮಮ್ಮ ಖಂಡಿತ ಹೇಳಿ ಕಳಿಸಿದಾಳೆ. ನಾನು ಬರ್ತೀನಿ.

ದೈವಾನೈ ತಿರುಗಿ ನೋಡಿದಳು. ಒಳಗೆ ಕಂಬದ ಮರೆಯಲ್ಲಿ ಸರಸು ಹೊಸ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳು ಆ ಹುಡುಗನನ್ನು ಒಮ್ಮೆ ನೋಡಿದ್ದಳು, ಅಷ್ಟರಿಂದಲೇ ಮೂರು ತಿಂಗಳು ಹಾಡಿಕೊಂಡು ರಾಗಿ ಬೀಸಿದ್ದಳು. ತಾಯಿಗೆ ಅದು ತಿಳಿಯದೆ ಇರುತ್ತದೆಯೇ? ಒಂದು ಸುಳ್ಳು ಹೇಳಿ ಮಾವಾ, ಒಂದೇ ಒಂದು, ಎಂದು ಕಣ್ಣಲ್ಲೇ ಗಂಡನನ್ನು ಬೇಡಿದಳು. ಅವನು ಬಾಡಿದ ಮುಖ ಹೊತ್ತು ನೆಲ ನೋಡುತ್ತಿದ್ದ. ಮಗಳ ಮೇಲೆ ಅವನಿಗೆ ಪ್ರಾಣ. ಆದರೂ ಸುಳ್ಳು ಮಾತ್ರ ಬಾಯಿಗೆ ಬರಲಿಲ್ಲ.

ಅಳಗರ್ ಹಣ್ಣು ವೀಳ್ಯದ ಕಟ್ಟನ್ನು ಕಂಕುಳಿಗೆ ಇರುಕಿದರು. ಆಗ ಕಂಬದ ಮರೆಯಿಂದ ಒಂದು ಸಣ್ಣ ದನಿ ಬಂತು.

ಸರಸು: ಅಪ್ಪಾ, ಅವರ ಹಣ್ಣು ಸುತ್ತಿರೋದು ಸುದ್ದಿ ಕಾಗದ. ನಿಮಗೆ ಬಂದದ್ದಕ್ಕಿಂತ ಹೊಸದು, ಅದರ ಮುಂದಿನ ವಾರದ್ದೇ ಏನೋ.

ಚಿನ್ನತಂಬಿ: ಏನು! ನಾಲ್ಕು ಜನರ ಸಾವು ನೋವು ಬರೆದ ಕಾಗದದಲ್ಲಿ ಬಾಳೆಹಣ್ಣು ಕಟ್ಟಿದಾರಾ? ಕೊಡಿ ಇಲ್ಲಿ ಸಮ್ಮಂದಿ!

ಅಳಗರ್ ಬೇಡ ಎನ್ನುವ ಮೊದಲೇ ಕಟ್ಟು ಬಿಚ್ಚಿತು. ಹಣ್ಣು ವೀಳ್ಯ ಅವರ ಕೈಗೆ ಬಿದ್ದವು, ಕಾಗದ ಚಿನ್ನತಂಬಿಯ ಕೈಯಲ್ಲಿ ಉಳಿಯಿತು. ಅವನು ಅದನ್ನು ಕಣ್ಣಿಗೆ ಒತ್ತಿ, ಮಣೆಯ ಮೇಲೆ ಹಾಸಿ, ಓದತೊಡಗಿದ. ಓದುತ್ತ ಓದುತ್ತ ಕಿವಿ ಕೆಂಪಾಯಿತು. ಮೆಲ್ಲಗೆ ಕಾಗದ ಮಡಚಿದ.

ದೈವಾನೈ: ಈಗ ಯಾರು ಸತ್ತರು? ಮೀಯೋಕೆ ನೀರಿಲ್ಲ, ಮೊದಲೇ ಹೇಳಿದೀನಿ!

ಚಿನ್ನತಂಬಿ: ಯಾರೂ ಸಾಯಲಿಲ್ಲ.

ದೈವಾನೈ: ಯಾರೂ ಅಂದರೆ?

ಚಿನ್ನತಂಬಿ: ಆ ರಾಣಿ... ದೋಣಿ ಮಗುಚಿದ್ದು ನಿಜವಂತೆ. ಹನ್ನೆರಡು ಜನವೂ ಈಜಿಕೊಂಡು ಒಂದು ಮರಳ ದಿಬ್ಬ ಸೇರಿದರಂತೆ. ಮೂರು ದಿನ ಎಳನೀರು ಕುಡಿದು, ಮೈ ತುಂಬಿಕೊಂಡು ಬಂದರಂತೆ. ಹೋದ ವಾರ ಹಾಕಿದ್ದು ತಪ್ಪು, ಓದುಗರು ಮನ್ನಿಸಬೇಕು ಅಂತ ಹಾಕಿದಾರೆ.

ದೈವಾನೈ: ಸತ್ತಿಲ್ಲ! ಸೂತಕ ಇಲ್ಲ! ಅಣ್ಣಾ, ಕೂತುಕೊಳ್ಳಿ! ಸರಸು, ತಟ್ಟೆ ತಾ!

ಅಳಗರ್: ಇರಿ ಇರಿ. ಇವರಿಗೆ ಎರಡು ಬಾಯಿ ಬೇಕು ಅಂತ ಊರೆಲ್ಲ ಹೇಳ್ತಾರೆ. ಹೋದ ವಾರ ಸತ್ತರು ಅಂದದ್ದೂ ಇದೇ ಕಾಗದ, ಈಗ ಬದುಕಿದರು ಅನ್ನೋದೂ ಇದೇ ಕಾಗದ. ಒಂದೇ ಬಾಯಿ ಎರಡು ಸಲ ತೆರೆದರೆ ಎರಡು ಬಾಯಿ ಆಗ್ತದಾ?

ಚಿನ್ನತಂಬಿ: ಆಮಾ... ಅದೂ ನಿಜ.

ದೈವಾನೈಗೆ ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕು ಎನಿಸಿತು. ಕುಟ್ಟಲಿಲ್ಲ. ಸೌಟು ಕೆಳಗಿಟ್ಟಳು.

ದೈವಾನೈ: ತಪ್ಪಾಯಿತು ಅಂತ ಹೇಳಿದ ಬಾಯಿ ಹೊಸ ಬಾಯಿ. ಈ ಮನೇಲಿ ಇಪ್ಪತ್ತು ವರ್ಷದಿಂದ ಅಂಥ ಒಂದು ಬಾಯಿಗೆ ಕಾಯ್ತಾ ಇದೀನಿ, ನನಗೆ ಗೊತ್ತು ಅದರ ಬೆಲೆ. ಆಯಿತಾ ಎರಡು? ತೊಗೊಳ್ಳಿ ತಾಂಬೂಲ!

ಚಿನ್ನತಂಬಿ ಒದ್ದೆ ಪಂಚೆಯಲ್ಲೇ ಕೈ ಚಾಚಿದ. ಅಳಗರ್ ತಾಂಬೂಲ ಕೊಟ್ಟು ತಾಂಬೂಲ ತೆಗೆದುಕೊಂಡರು. ಕಂಬದ ಮರೆಯಲ್ಲಿ ಬಳೆ ಸದ್ದಾಯಿತು. ಆಡಿ ಹುಟ್ಟಲು ಇನ್ನೂ ಕಾಲು ಗಳಿಗೆ ಉಳಿದಿತ್ತು. ದೈವಾನೈ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಅಷ್ಟು ಸಂತೋಷವಾಗಿತ್ತು ಅವಳಿಗೆ.

ಎಲೆಗೆ ಸುಣ್ಣ ಹಚ್ಚುತ್ತಿದ್ದ ಗಂಡ ಮಾತ್ರ ಕೈ ನಿಲ್ಲಿಸಿ ಯೋಚಿಸತೊಡಗಿದ್ದ.

ಚಿನ್ನತಂಬಿ: ದೈವಾನೈ, ಒಂದು ಸಂಕಟ ಬಂತಲ್ಲ. ಬದುಕಿರೋರಿಗೆ ಮೀಯೋದು ಮಹಾಪಾಪ. ಹನ್ನೆರಡು ಜನರ ಆಯಸ್ಸಿಗೆ ಕಲ್ಲು ಹಾಕಿದ ಹಾಗೆ. ಅದಕ್ಕೆ ಪರಿಹಾರವಾಗಿ ಇನ್ನೊಮ್ಮೆ...

ದೈವಾನೈ ಒಳಗೆ ಹೋದಳು. ಆರು ಸಲ ಬಾವಿಗೆ ಹೋಗಿ ಬಂದ ಹಿತ್ತಾಳೆ ಕೊಡವನ್ನು ಎತ್ತಿ ತಂದು, ಸಮ್ಮಂದಿಯ ಎದುರಿಗೇ ಗಂಡನ ಹೆಗಲಿಗೆ ಇಟ್ಟಳು. ಅಳಗರ್ ನಗು ತಡೆಯಲು ಬಾಯಿ ತುಂಬ ಎಲೆ ತುರುಕಿಕೊಂಡರು.

ದೈವಾನೈ: ಪರಿಹಾರ ನಾನು ಹೇಳ್ತೀನಿ. ಹನ್ನೆರಡು ಜನವೂ ತಿರುಗಿ ಬಂದರಲ್ಲ? ಅವರಿಗೆ ಹುಯ್ದುಕೊಂಡ ಆರು ಕೊಡವೂ ತಿರುಗಿ ಅಂಡೆಗೆ ಬರಲಿ.

ಚಿನ್ನತಂಬಿ ಕೊಡ ಹೊತ್ತು ಬೀದಿಗಿಳಿದ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಅವಳು ಕೂಗಿದಳು.

ದೈವಾನೈ: ಮಾವಾ! ಮೊದಲ ಕೊಡ ಓಚ್ಚಮ್ಮಾಳ್ ಅಜ್ಜಿ ಮನೇಲಿ ಇಳಿಸಿ! ಅವಳೂ ಬದುಕಿದಾಳೆ. ಅದನ್ನ ಕಾಗದದಲ್ಲಿ ಹಾಕೋವರೆಗೂ ಕಾಯಬೇಡಿ!