ಹೊರಗಿನ ಮೊಳೆಗೆ ವರ್ಗವಾದ ಅಂಗಿಯವರಿಗೆ

ಮಾನ್ಯ ಕೆಲಸದ ಅಂಗಿಯವರೇ,
(ಸದ್ಯದ ಮುಕ್ಕಾಂ: ನಮ್ಮ ಮುಂಬಾಗಿಲ ಹೊರಗಿನ ಮೊಳೆ)

ತಮ್ಮ ಎರಡೂ ತೋಳುಗಳಿಗೆ, ಕಾಲರಿಗೆ, ಪೆನ್ಸಿಲ್ ಸಿಕ್ಕಿಸಿ ಸಿಕ್ಕಿಸಿ ಜೋತುಬಿದ್ದ ಜೇಬಿಗೆ ಈ ಬಡಗಿಯ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ; ನನ್ನ ಆರು ವರ್ಷದ ಮಗಳು ಮಾತ್ರ ಕ್ಷೇಮವಾಗಿರಲಿಲ್ಲ. ಅವಳಿಗೆ ಉಬ್ಬಸ. ಎದೆಯೊಳಗಿಂದ ಸಿಳ್ಳೆಯಂಥ ಸದ್ದು ಶುರುವಾದರೆ ರಾತ್ರಿಯಿಡೀ ಅವಳ ಬೆನ್ನು ನೀವುತ್ತ ಕೂರುತ್ತೇನೆ.

ಮನೆಯಲ್ಲಿ ಯಾವುದು ಅವಳ ಉಸಿರಿಗೆ ಅಡ್ಡ ಬರುತ್ತಿದೆಯೋ ಹುಡುಕಿ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ನಾನು ದೊಡ್ಡ ನ್ಯಾಯಾಧೀಶನಂತೆ ವಿಚಾರಣೆಗೆ ಇಳಿದೆ. ಬೆಕ್ಕನ್ನು ತಂಗಿಯ ಮನೆಗೆ ಗಡೀಪಾರು ಮಾಡಿದೆ, ಪರದೆಗಳನ್ನು ಕಿತ್ತೆ, ಹಾಸಿಗೆಗಳನ್ನು ಬಿಸಿಲಿಗೆ ಎಳೆದೆ, ಕೊನೆಗೆ ಅಮ್ಮನ ಉಣ್ಣೆ ಕಂಬಳಿಗೂ ಕೈ ಹಾಕಿದೆ. ಅಮ್ಮ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋ ಜಾಣ ನೀನು ಅಂತ ಚುಚ್ಚಿದಳು. ಇಷ್ಟೆಲ್ಲ ಶೋಧ ನಡೆಯುವಾಗ ತಾವು ನನ್ನ ಮೈಮೇಲೆಯೇ ಇದ್ದಿರಿ, ಒಂದು ಗುಂಡಿಯನ್ನೂ ಅಲುಗಿಸದೆ. ಆಹಾ, ಏನು ತಮ್ಮ ಸಂಯಮ!

ಗುಟ್ಟು ರಟ್ಟಾದದ್ದು ಕಳೆದ ವಾರ. ಕೆಲಸ ಬಿಟ್ಟು ನೇರ ಆಸ್ಪತ್ರೆಗೆ ಓಡಿಬಂದಿದ್ದ ನನಗೆ ಧೈರ್ಯ ಹೇಳಲೆಂದು ಡಾಕ್ಟರಮ್ಮ ಹೆಗಲು ತಟ್ಟಿದರು, ತಟ್ಟಿ ತಮ್ಮ ಅಂಗೈ ನೋಡಿಕೊಂಡರು: ಅಂಗೈ ತುಂಬ ಮರದ ಪುಡಿ. ದಿನವಿಡೀ ನಾನು ಕಿಟಕಿ ಬಾಗಿಲು ಉಜ್ಜಿ ಎಬ್ಬಿಸಿದ ಆ ನುಣ್ಣನೆ ಪುಡಿಯನ್ನು ತಾವು ಚಿಟಿಕೆಯೂ ಸೋರದಂತೆ ಮನೆಗೆ ತಂದು, ಸಂಜೆ ಅಪ್ಪಾ ಎಂದು ಓಡಿಬಂದು ಮುಖ ಹುದುಗಿಸುವ ಮಗುವಿನ ಮೂಗಿಗೇ ಪ್ರಾಮಾಣಿಕವಾಗಿ ತಲುಪಿಸುತ್ತಿದ್ದಿರಿ. ಇಂಥ ಸೇವಾನಿಷ್ಠೆಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ಆದ್ದರಿಂದ ತಾವು ಈಗ ತಂಗಿರುವ ಮೊಳೆಯನ್ನೇ ಕಾಯಂ ವಿಳಾಸವೆಂದು ತಿಳಿಯಬೇಕು; ಒಗೆಯುವ ಹೊತ್ತಿನಲ್ಲಿ ಮಗಳ ಫ್ರಾಕುಗಳ ಜೊತೆ ಒಂದೇ ಬಕೆಟ್ಟಿಗೆ ಇಳಿಯಬಾರದು; ನಾನೇನಾದರೂ ಆತುರದಲ್ಲಿ ಮರೆತು ತಮ್ಮೊಡನೆ ಹೊಸ್ತಿಲು ದಾಟಹೊರಟರೆ ನನ್ನ ಕುತ್ತಿಗೆಪಟ್ಟಿ ಹಿಡಿದು ಹಿಂದಕ್ಕೆ ಎಳೆಯಬೇಕು. ಈಗ ಮಗಳು ಓಡಿಬಂದರೆ ನಾನು ಹಿಂದೆ ಸರಿಯುತ್ತೇನೆ, ಅವಳು ಚಾಚಿದ ಕೈ ಚಾಚಿದಂತೆಯೇ ನಿಂತುಬಿಡುತ್ತಾಳೆ. ತಮ್ಮನ್ನು ಕಳಚಿ, ಸ್ನಾನ ಮಾಡಿ ಬರುವಷ್ಟರಲ್ಲಿ ಅವಳು ಬೇರೆ ಆಟಕ್ಕೆ ಹೋಗಿರುತ್ತಾಳೆ. ಆದರೆ ಐದು ದಿನದಿಂದ ಆ ಸಿಳ್ಳೆ ಕೇಳಿಸಿಲ್ಲ, ಅದಕ್ಕೇ ನಾಳೆಯೂ ಹಿಂದೆ ಸರಿಯುತ್ತೇನೆ ಸ್ವಾಮಿ.

ಇಷ್ಟು ವರ್ಷ ತಮ್ಮನ್ನು ಹೊತ್ತು ತಿರುಗಿದ,
ತಮ್ಮ ವಿಶ್ವಾಸಿ,
ಒಬ್ಬ ಬಡಗಿ

ವಿ.ಸೂ.: ಈ ಪತ್ರವನ್ನು ಮಗಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಅಂಗಿಗೆ ಕಾಲೇ ಇಲ್ವಲ್ಲಪ್ಪ, ಮತ್ತೆ ಅದನ್ನ ದಿನಾ ಒಳಗೆ ಕರ್ಕೊಂಡು ಬರ್ತಿದ್ದಿದ್ದು ಯಾರು ಎಂದಳು. ತಮ್ಮ ಬಳಿ ಉತ್ತರವಿದ್ದರೆ ದಯವಿಟ್ಟು ಬೇಗ ತಿಳಿಸಿ. ಅವಳು ನನ್ನ ಮುಖವನ್ನೇ ನೋಡುತ್ತ ಕೂತಿದ್ದಾಳೆ.