ಆಯಿಯ ಸರ, ನನ್ನ ಹಲ್ಲು

ಮುತ್ತಿನ ಬೆಲೆ ಕಣ್ಣಿಗಿಂತ ಹಲ್ಲಿಗೆ ಚೆನ್ನಾಗಿ ತಿಳಿಯುತ್ತದೆ ಎಂದು ನನಗೆ ಮೊದಲು ಹೇಳಿದವಳು ನಮ್ಮ ಆಯಿ, ಅಪ್ಪನ ತಾಯಿ. ಹೇಳುವಾಗ ಅವಳ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಅಂಥವಳ ಮೊಮ್ಮಗಳಾದ ಮೇಲೆ ಇಂಥ ಪ್ರಸಂಗಗಳು ಒಂದರ ಹಿಂದೊಂದು ಬರದೆ ಇನ್ನೇನು?

ಎರವಲು ಹಲ್ಲು

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಬಸವಕಲ್ಯಾಣದ ನಮ್ಮ ಓಣಿಗೆ ಹೈದರಾಬಾದಿನಿಂದ ಮುತ್ತಿನ ವ್ಯಾಪಾರಿಯೊಬ್ಬ ಬರುತ್ತಿದ್ದ. ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ ಸೇರುತ್ತಿದ್ದರು. ಆಯಿ ‘ಚಲೋ ಅದ’ ಅನ್ನದೆ ಯಾರೂ ಕೊಳ್ಳುತ್ತಿರಲಿಲ್ಲ. ಅವಳು ಮುತ್ತನ್ನು ನೆರಳಿನಲ್ಲಿ ಹಿಡಿದು ಹೊಳಪು ನೋಡುವಳು, ಅಂಗೈಯಲ್ಲಿ ತೂಗುವಳು, ಕೊನೆಗೆ ನನ್ನನ್ನು ಕರೆಯುವಳು.

“ಬಾಯಿ ತಗಿ.”

ಮುಂದಿನ ಹಲ್ಲಿಗೆ ಮುತ್ತು ತಿಕ್ಕುವುದು. ಸಣ್ಣ ಮರಳಿನಂತೆ ಕರಕರ ಅಂದರೆ ಅಸಲಿ, ಜಾರಿದರೆ ಗಾಜು. ನನ್ನ ಕೂಲಿಯೂ ಮೊದಲೇ ನಿಗದಿಯಾಗಿತ್ತು: ನನ್ನ ಲಗ್ನಕ್ಕೆ ಆಯಿಯ ಕೊರಳಿನ ಮುತ್ತಿನ ಸರ.

ಎರಡನೇ ಇಯತ್ತೆಯಲ್ಲಿ ನನ್ನ ಮುಂದಿನ ಹಲ್ಲು ಎರಡೂ ಬಿದ್ದವು. ಗಂಟು ಬಿಚ್ಚಿದ ವ್ಯಾಪಾರಿ ನನ್ನ ಬಾಯಿ ನೋಡಿ ಮತ್ತೆ ಕಟ್ಟಿದ.

“ಪೋರಿಗೆ ಹಲ್ಲು ಬರ್ಲಿರಿ ಅಮ್ಮಾ, ಆಮ್ಯಾಲ ಬರ್ತೀನಿ.”

ಹೆಣ್ಣು ನೋಡಲು ಬಂದವರು

ಗುಲಬರ್ಗಾದಲ್ಲಿ ಬಿ.ಎ. ಮುಗಿಸಿ ಬಂದೆ. ಹುಮನಾಬಾದಿನವರು ಹೆಣ್ಣು ನೋಡಲು ಬಂದರು. ವರನ ತಾಯಿಯ ಕೊರಳಲ್ಲಿ ಮುತ್ತಿನ ಸರ. ಆಯಿಗೆ ತಡೆಯಲಾಗಲಿಲ್ಲ.

“ಬೀಗತ್ಯಾರ, ಸರ ಸ್ವಲ್ಪ ಇಲ್ಲಿ ಕೊಡ್ರಿ.”

ವರನೆದುರೇ ನನ್ನ ಬಾಯಿ ತೆಗೆಸಿ ಅದನ್ನು ಹಲ್ಲಿಗೆ ತಿಕ್ಕಿಸಿದಳು. ಅಪ್ಪ ಚಹಾದ ಕಪ್ಪಿನಲ್ಲಿ ಮುಖ ಮುಚ್ಚಿಕೊಂಡ. ಮೂರು ಮುತ್ತು ಜಾರಿದವು.

“ಎಲ್ಲಾ ಚಲೋ ಅದಾವ,” ಅಂದೆ.

ಅವರು ಹೋದ ಮೇಲೆ ಆಯಿಗೆ ನಿಜ ಹೇಳಿದೆ. ಎಂಟು ದಿನದಲ್ಲಿ ಒಪ್ಪಿಗೆಯ ಕಾಗದ ಬಂತು. ಅದರ ಗುಟ್ಟನ್ನು ಲಗ್ನವಾದ ಮೇಲೆ ಅತ್ತೆಯೇ ನನಗೆ ಹೇಳಿದರು: “ಮೂರು ಗಾಜಿನವು ಅಂತ ನನಗ ಗೊತ್ತಿತ್ತವಾ. ಗೊತ್ತಾದ್ರೂ ಬಾಯಿ ಮುಚ್ಚೋ ಸೊಸಿ ಹುಡುಕಾಕತ್ತಿದ್ದೆ.”

ಬಾಯಿ ತೆರೆದುಕೊಂಡು ಆ ಪರೀಕ್ಷೆ ಪಾಸಾದವಳು ನಾನೊಬ್ಬಳೇ ಇರಬೇಕು.

ಹೊಸ ಹಲ್ಲು

ಲಗ್ನದ ಹೋಳಿಗೆಯನ್ನು ಆಯಿ ಅಗಿದು ತಿನ್ನಲಿ ಎಂದು ಅಪ್ಪ ಅವಳನ್ನು ಹೈದರಾಬಾದಿಗೆ ಕರೆದೊಯ್ದು ಹಲ್ಲು ಕಟ್ಟಿಸಿ ಕರೆತಂದ. ಆಯಿ ಹೋಳಿಗೆಯ ತನಕ ಕಾಯಲಿಲ್ಲ. ಮನೆಗೆ ಬಂದವಳೇ ತನ್ನ ಸರ ಬಿಚ್ಚಿ ಹಲ್ಲಿಗೆ ತಿಕ್ಕಿದಳು. ಜಾರಿತು. ಇನ್ನೊಂದು ಮುತ್ತು ತಿಕ್ಕಿದಳು. ಅದೂ ಜಾರಿತು.

ಗೋಡೆಗೆ ಒರಗಿ ಕೂತುಬಿಟ್ಟಳು. “ನಲವತ್ತು ವರ್ಷ ಒಮ್ಮೆನೂ ತಿಕ್ಕಿ ನೋಡಲಾರ್ದ ಗಾಜು ಹಾಕ್ಕೊಂಡು ಓಣಿ ಮಂದಿ ಮುತ್ತಿಗೆ ಖೋಟಾ ಅಂತ ಹೆಸರಿಟ್ಟೆ. ನಮ್ಮ ಲಗ್ನದಾಗ ನಿಮ್ಮ ಮುತ್ಯಾ ತಂದು ನನ್ನ ಕೊರಳಿಗೆ ಕಟ್ಟಿದ್ದು ಇದು. ಸತ್ತವನ ಕೂಡ ಹ್ಯಾಂಗ ಜಗಳಾಡ್ಲಿ? ಇದನ್ನ ಕೊಟ್ಟು ನಿನ್ನ ಹ್ಯಾಂಗ ಕಳಸ್ಲಿ?”

“ಕೊಡು, ನಾ ನೋಡ್ತೀನಿ.”

“ನೀ ಬ್ಯಾಡವಾ. ಬೀಗತಿ ಮುಂದ ನೀ ಹೇಳಿದ್ದು ಕೇಳೀನಲ್ಲ.”

ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಅಪ್ಪನೂ ನಾನೂ ಅವಳನ್ನು ಬಸ್ಸು ಹತ್ತಿಸಿ, ಹುಮನಾಬಾದಿನಲ್ಲಿ ಸರ ಪೋಣಿಸುವ ಮುದುಕ ಪಟವೇಗಾರನ ಹತ್ತಿರ ಕರೆದೊಯ್ದೆವು. ಅವನು ಒಂದೊಂದು ಮುತ್ತಿನ ತೂತಿನ ಅಂಚು ನೋಡಿದ. ಎರಡು ಮುತ್ತನ್ನು ಒಂದಕ್ಕೊಂದು ತಿಕ್ಕಿದ. ಕೊನೆಗೆ ತನ್ನ ಹಲ್ಲಿಗೂ ತಿಕ್ಕಿ, ಆಯಿಯ ಮುಖವನ್ನೇ ನೋಡುತ್ತ ಕೂತ.

“ಆಯಿ, ಈ ಹಲ್ಲು ಯಾವಾಗ ಕಟ್ಟಿಸೀರಿ?”

“ಹೋದ ವಾರ. ಯಾಕ?”

“ಮುತ್ತು ಅಸಲಿ ಅದಾವ್ರಿ. ಹಲ್ಲು ನಕಲಿ.”

ಆಯಿ ಸರವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಬಾಯಿಂದ ಹಲ್ಲು ತೆಗೆದು ಅಪ್ಪನ ಕೈಗಿಟ್ಟಳು.

“ಇವನ್ನ ವಾಪಸ್ ಕೊಟ್ಟು ಬಾ. ಗಂಡ ಹೆಂಡರ ನಡುವ ಜಗಳಾ ಹಚ್ತಾವ.”

ಲಗ್ನದ ಹೋಳಿಗೆಯನ್ನು ಅವಳು ಹಾಲಿನಲ್ಲಿ ನೆನೆಸಿಯೇ ತಿಂದಳು. ಸರ ಇಂದಿಗೂ ನನ್ನ ಕೊರಳಲ್ಲಿದೆ. ನನ್ನ ಮಗಳು ಅದನ್ನು ಹಲ್ಲಿಗೆ ತಿಕ್ಕಿ ಕರಕರ ಅನ್ನಿಸಿದಾಗಲೆಲ್ಲ ಆಯಿಗೂ, ನಾನು ಕಾಣದ ಮುತ್ಯಾನಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ನೀವೂ ಮುತ್ತು ಕೊಳ್ಳುವವರು ಯಾರಾದರೂ ಸಿಕ್ಕರೆ ಇದನ್ನು ಹೇಳಿರಿ: ಮುತ್ತಿನ ಮೇಲೆ ಸಂಶಯ ಬಂದರೆ, ಮೊದಲು ಹಲ್ಲು ಯಾರದು ಎಂದು ಕೇಳಬೇಕು.